ಇಗರ್ಜಿಯ ಅಂಗಳದ ಶಾಲೆ

ಘಟ್ಟದ ತಪ್ಪಲಿನಿಂದ ಕಡಲ ತಡಿಯವರೆಗೆ ಹಬ್ಬಿರುವ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಳೆಯ ರಸ್ತೆಗಳಲ್ಲಿ ಸಂಚರಿಸುವವರಿಗೆ, ಅಡಕೆಯ ತೋಟಗಳೂ ಗದ್ದೆಯ ಬಯಲುಗಳೂ ಮುಗಿದು ನೆಲ ಸ್ವಲ್ಪ ಏರುವೆಡೆಯಲ್ಲಿ, ಸುಣ್ಣ ಬಳಿದ ಎತ್ತರದ ಮುಖವುಳ್ಳ ಒಂದು ಇಗರ್ಜಿಯೂ, ಅದರ ಮಗ್ಗುಲಲ್ಲಿ ಮಂಗಳೂರು ಹೆಂಚು ಹೊದಿಸಿದ ಉದ್ದನೆಯ ಶಾಲೆಯ ಕಟ್ಟಡವೂ, ಎರಡನ್ನೂ ಬಳಸಿಕೊಂಡು ಹೋದ ಕೆಂಪುಕಲ್ಲಿನ ಆವರಣವೂ ಕಾಣಸಿಗದಿರುವುದು ಅಪರೂಪ. ಆ ಆವರಣದೊಳಗೇ ಪಾದ್ರಿಗಳ ಬಂಗಲೆ, ಕನ್ಯಾಸ್ತ್ರೀಯರ ಕಾನ್ವೆಂಟು, ಆಟದ ಬಯಲು, ಸ್ಮಶಾನ ಇವೆಲ್ಲ ಉಂಟು. ಊರಿನ ಕ್ರೈಸ್ತ ಮಗು ಜ್ಞಾನಸ್ನಾನ ಪಡೆದದ್ದೂ ಅಕ್ಷರ ತಿದ್ದಿದ್ದೂ ಅಲ್ಲಿಯೇ. ಮುಂದೆ ಮದುವೆಯಾಗುವುದೂ ಕಟ್ಟಕಡೆಗೆ ಮಣ್ಣು ಸೇರುವುದೂ ಆ ಗೋಡೆಯ ಒಳಗೇ. ಆದರೆ ಪ್ರತಿದಿನ ಬೆಳಿಗ್ಗೆ ಆ ಗೇಟನ್ನು ದಾಟಿ ಶಾಲೆಗೆ ಬರುವ ಮಕ್ಕಳೆಲ್ಲರೂ ಕ್ರೈಸ್ತರಲ್ಲ. ಮನೆಯಲ್ಲಿ ಕೊಂಕಣಿಯಾಡುವವರು, ತುಳುವಾಡುವವರು, ಬ್ಯಾರಿ ಭಾಷೆಯವರು, ಇತ್ತೀಚೆಗೆ ಕಟ್ಟಡದ ಕೆಲಸಕ್ಕೆಂದು ಘಟ್ಟ ಇಳಿದು ಬಂದ ಉತ್ತರ ಕರ್ನಾಟಕದ ಕೂಲಿಕಾರರ ಮಕ್ಕಳು, ಇವರೆಲ್ಲರೂ ಒಂದೇ ಬೆಂಚಿನ ಮೇಲೆ ಕುಳಿತು ಕನ್ನಡದಲ್ಲಿ ಪಾಠ ಕೇಳುತ್ತಾರೆ. ಎಷ್ಟೋ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳ ಸಂಖ್ಯೆಯೇ ಕಡಿಮೆ.

ಇಂಥ ಶಾಲೆಗಳಲ್ಲಿ ಕಲಿಯುವ ಮಗುವಿನ ಕ್ಷೇಮವು ಯಾವುದನ್ನು ಅವಲಂಬಿಸಿದೆ ಎಂಬುದು ಈ ಲೇಖನದ ವಿಚಾರ. ಮಕ್ಕಳ ಮಾನಸಿಕ ಸ್ವಾಸ್ಥ್ಯವೆಂಬುದು ಈಚಿನ ದಿನಗಳಲ್ಲಿ ಒಂದು ಪ್ರತ್ಯೇಕ ವಿಷಯವೆನಿಸಿ, ಅದಕ್ಕೆಂದೇ ವಾರಕ್ಕೊಂದು ಅವಧಿ, ಆಪ್ತಸಮಾಲೋಚಕರ ಭೇಟಿ, ಗೋಡೆಗೆ ಅಂಟಿಸುವ ಭಿತ್ತಿಪತ್ರ ಇತ್ಯಾದಿಗಳು ಶಾಲೆಗಳನ್ನು ಪ್ರವೇಶಿಸಿವೆ. ಅವು ಬೇಡವೆಂದು ಹೇಳುವವನು ನಾನಲ್ಲ. ಆದರೆ ಕರಾವಳಿಯ ಈ ಕೆಥೋಲಿಕ್ ಪ್ರಾಥಮಿಕ ಶಾಲೆಗಳ ಬದುಕನ್ನು ಹತ್ತಿರದಿಂದ ಕಂಡವರಿಗೆ, ಆ ಹೆಸರುಗಳೊಂದೂ ಹುಟ್ಟದಿದ್ದ ಕಾಲದಲ್ಲಿಯೂ ಮಗುವನ್ನು ಕಾಪಾಡಿಕೊಂಡು ಬಂದ ಒಂದು ವ್ಯವಸ್ಥೆ ಅಲ್ಲಿತ್ತೆಂಬುದು ತಿಳಿದೇ ಇದೆ. ಒಂದು ಮಗುವನ್ನು ಹೆಸರು ಹಿಡಿದು ಬಲ್ಲವರು, ಅದರ ಮನೆಯ ಹೊಸ್ತಿಲನ್ನು ಕಂಡವರು, ಅದು ಒಂದು ದಿನ ಬಾರದಿದ್ದರೆ ಏಕೆಂದು ಕೇಳುವವರು ಆ ಆವರಣದಲ್ಲಿ ಒಬ್ಬರಲ್ಲ, ಹಲವರಿದ್ದರು. ಆ ಅರಿವೇ ಮಗುವಿಗೆ ಆಸರೆಯಾಗಿತ್ತು. ಅದು ಹೇಗೆ ಬಂತು, ಎಲ್ಲಿ ಎಡವಿತು, ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ವಿವರಿಸುವುದು ಅಗತ್ಯವೆಂದು ನನಗೆ ತೋರುತ್ತದೆ.

ಈ ಶಾಲೆಗಳ ಬೇರು ಇಗರ್ಜಿಯಲ್ಲಿದೆ. ಇಗರ್ಜಿಗಳ ಕತೆಯಾದರೋ ಸುಖದ ಕತೆಯಲ್ಲ. ಮಂಗಳೂರಿನ ರೊಸಾರಿಯೊ ಇಗರ್ಜಿ 1568ರಷ್ಟು ಹಳೆಯದು, ಮಿಲಾಗ್ರಿಸ್ 1680ರದು. ಆದರೆ 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟಾಗ ಈ ನಾಡಿನ ಇಗರ್ಜಿಗಳಲ್ಲಿ ಬಹುಪಾಲು ನೆಲಸಮವಾದವು. 1799ರಲ್ಲಿ ಬಿಡುಗಡೆ ಹೊಂದಿ ಅಳಿದುಳಿದವರು ಮರಳಿ ಬಂದಾಗ ಅವರಿಗೆ ಮನೆಯೂ ಇರಲಿಲ್ಲ, ಭೂಮಿಯೂ ಕೈಯಲ್ಲಿರಲಿಲ್ಲ. ಅವರು ಮತ್ತೆ ಜನಸಮುದಾಯವಾಗಿ ಕೂಡಿಕೊಂಡದ್ದು ಇಗರ್ಜಿಯ ಸುತ್ತ. ಒಂದೊಂದು ಇಗರ್ಜಿಯ ವ್ಯಾಪ್ತಿಯನ್ನು ವಾಡೊಗಳಾಗಿ ವಿಂಗಡಿಸಿ, ಒಂದೊಂದು ವಾಡೊಗೆ ಒಬ್ಬ ಗುರ್ಕಾರನನ್ನು ನೇಮಿಸಿಕೊಳ್ಳುವ ಪದ್ಧತಿ ಅವರಲ್ಲಿ ಗಟ್ಟಿಯಾಗಿ ನೆಲೆನಿಂತಿತು. ವಾಡೊದಲ್ಲಿ ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಮಗಳ ಮದುವೆಗೆ ಹಣ ಸಾಲದು ಎಂಬ ವರ್ತಮಾನವನ್ನು ಪಾದ್ರಿಗಳಿಗೆ ತಲುಪಿಸುವುದು ಗುರ್ಕಾರನ ಕರ್ತವ್ಯಗಳಲ್ಲಿ ಒಂದು. ಶಾಲೆ ಹುಟ್ಟಿದಾಗ ಅದು ಈ ವ್ಯವಸ್ಥೆಯ ಒಂದು ಅಂಗವಾಗಿಯೇ ಹುಟ್ಟಿತು.

ಆ ಶಾಲೆಗಳನ್ನು ಕಟ್ಟಿದವರಲ್ಲಿ ಸ್ತ್ರೀಯರ ಪಾಲು ಹಿರಿದು. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಆಂಗ್ಲಿಕನ್ ಪುರೋಹಿತರೊಬ್ಬರ ಮಗಳಾಗಿ ಜನಿಸಿ, ಬಳಿಕ ಕೆಥೋಲಿಕ್ ಮತವನ್ನು ಸ್ವೀಕರಿಸಿದ ಸೋಫಿ ಲೀವ್ಸ್, ಮದರ್ ವೆರೋನಿಕಾ ಎಂಬ ಹೆಸರಿನಿಂದ 1868ರಲ್ಲಿ ಫ್ರಾನ್ಸ್ ದೇಶದ ಬಾಯೋನ್ ಪಟ್ಟಣದಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದಿಳಿದು ಹೆಣ್ಣುಮಕ್ಕಳಿಗೆ ವಿದ್ಯೆ ಹೇಳತೊಡಗಿದರು. ಸಂತ ಆ್ಯನ್ಸ್ ಶಾಲೆಗಳ ಮೂಲ ಅದು. 1878ರ ಕೊನೆಯ ದಿನ ಜೆಸ್ವಿಟರು ಬಂದರು, 1880ರಲ್ಲಿ ಅವರ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ ಆರಂಭವಾಯಿತು. 1887ರಲ್ಲಿ ಜರ್ಮನಿಯಿಂದ ಬಂದಿದ್ದ ಜೆಸ್ವಿಟ್ ಪಾದ್ರಿ ಉರ್ಬನ್ ಸ್ಟೈನರ ಪ್ರೇರಣೆಯಿಂದ ಉರ್ಸುಲೈನ್ ಫ್ರಾನ್ಸಿಸ್ಕನ್ ಭಗಿನಿಯರ ಸಂಸ್ಥೆ ಮಂಗಳೂರಿನಲ್ಲಿಯೇ ತಲೆಯೆತ್ತಿತು. ಇವೆಲ್ಲಕ್ಕಿಂತ ಹಳ್ಳಿಗಳಿಗೆ ಸಮೀಪವಾದ ಹೆಜ್ಜೆ 1921ರದು. ಬೆಂದೂರಿನ ಇಗರ್ಜಿಯ ವಿಚಾರಣಾ ಗುರುಗಳಾಗಿದ್ದ ರೇಮಂಡ್ ಮಸ್ಕರೇನ್ಹಸರು ಆ ವರ್ಷ ನಾಲ್ವರು ಯುವತಿಯರೊಂದಿಗೆ ಬೆಥನಿ ಸಂಸ್ಥೆಯನ್ನು ಪ್ರಾರಂಭಿಸಿದರು. ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ ಶಾಲೆಗಳು ದೊರೆಯುತ್ತಿದ್ದ ಆ ಕಾಲದಲ್ಲಿ, ಹಳ್ಳಿಯ ಬಡವರ ಹೆಣ್ಣುಮಕ್ಕಳ ಬಳಿಗೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಶಾಲೆಯನ್ನು ಕೊಂಡೊಯ್ಯಬೇಕೆಂಬುದು ಅವರ ಸಂಕಲ್ಪ. ಸೈಕಲ್ಲೂ ಸಾಗದ ಹಾದಿಗಳಲ್ಲಿ, ತೋಡಿಗೆ ಹಾಕಿದ ಕಾಲುಸಂಕಗಳನ್ನು ದಾಟಿ, ಮನೆಮನೆಗೆ ನಡೆದು ಹೆಣ್ಣುಮಕ್ಕಳನ್ನು ಶಾಲೆಗೆ ಕರೆತಂದ ಆ ಭಗಿನಿಯರ ಶ್ರಮವನ್ನು ಕರ್ನಾಟಕದ ವಿದ್ಯಾಭ್ಯಾಸದ ಇತಿಹಾಸ ಇನ್ನೂ ಸರಿಯಾಗಿ ಬರೆದುಕೊಂಡಿಲ್ಲವೆಂಬುದು ನನ್ನ ಭಾವನೆ.

ಹೀಗೆ ಬಂದ ಶಾಲೆಯಲ್ಲಿ ಮಗುವಿನ ಯೋಗಕ್ಷೇಮ ವಿಚಾರಣೆಯು ಹಾಜರಿ ಪುಸ್ತಕದಿಂದ ಮೊದಲಾಗುತ್ತದೆ. ಹಾಜರಿ ಕರೆಯುವುದು ಸರಕಾರದ ಕಟ್ಟಳೆ. ಆದರೆ ಅದನ್ನು ಕರೆಯುವ ಬಗೆಯಲ್ಲಿ ವ್ಯತ್ಯಾಸವಿರುತ್ತದೆ. ಮೂರನೆಯ ತರಗತಿಯ ಒಂದು ಹುಡುಗಿ ಎರಡು ದಿನ ಬಾರದೆ ಮೂರನೆಯ ದಿನ ಬಂದಳೆನ್ನಿ. ಟೀಚರು ಪುಸ್ತಕದಿಂದ ತಲೆಯೆತ್ತಿ, “ಎಂತ ಮಗಾ, ಎರಡು ದಿನ ಕಾಣ್ಲಿಲ್ಲ?” ಎಂದು ಕೇಳುತ್ತಾರೆ. “ಅಮ್ಮನಿಗೆ ಹುಷಾರಿಲ್ಲ ಟೀಚರ್, ತಮ್ಮನನ್ನು ನೋಡ್ಲಿಕ್ಕೆ ಯಾರೂ ಇರ್ಲಿಲ್ಲ” ಎಂದು ಆಕೆ ಉತ್ತರಿಸುತ್ತಾಳೆ. ಅಲ್ಲಿಗೆ ಆ ಮಾತು ಮುಗಿಯುವುದಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅದು ಮುಖ್ಯೋಪಾಧ್ಯಾಯಿನಿಯಾದ ಸಿಸ್ಟರಿಗೆ ತಿಳಿಯುತ್ತದೆ. ಸಂಜೆ ಸಿಸ್ಟರೊಬ್ಬರು ಛತ್ರಿ ಹಿಡಿದು ಆ ಮನೆಯ ಕಡೆಗೆ ಹೊರಡುತ್ತಾರೆ. ಮನೆ ಕ್ರೈಸ್ತರದಾದರೆ ಗುರ್ಕಾರನಿಗೂ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಗೂ ಸುದ್ದಿ ಮುಟ್ಟುತ್ತದೆ. ಫ್ರೆಡರಿಕ್ ಓಝಾನಮ್ ಎಂಬ ತರುಣ ವಿದ್ಯಾರ್ಥಿ 1833ರಲ್ಲಿ ಪ್ಯಾರಿಸಿನಲ್ಲಿ ಗೆಳೆಯರೊಂದಿಗೆ ಆರಂಭಿಸಿದ ಆ ಸಭೆಯ ಮುಖ್ಯ ನಿಯಮವೇ ಬಡವರನ್ನು ಅವರ ಮನೆಗೆ ಹೋಗಿ ಕಾಣಬೇಕೆಂಬುದು. ಮನೆ ಹಿಂದುಗಳದೋ ಮುಸಲ್ಮಾನರದೋ ಆದರೆ ಸುದ್ದಿ ಬೇರೆ ದಾರಿಯಿಂದ ಹರಿಯುತ್ತದೆ. ಈ ಭಾಗದಲ್ಲಿ ಬೀಡಿ ಕಟ್ಟುವ ತಾಯಂದಿರು ಅಸಂಖ್ಯ. ಕಟ್ಟಿದ ಬೀಡಿಯನ್ನು ಒಪ್ಪಿಸಿ ಎಲೆ ಹೊಗೆಸೊಪ್ಪು ತರಲು ಅವರು ನೆರೆಯುವ ಬ್ರಾಂಚಿನಲ್ಲಿ ಊರಿನ ಹೆಂಗಸರ ಕಷ್ಟಸುಖವೆಲ್ಲ ವಿನಿಮಯವಾಗುತ್ತದೆ. ಊರಿನವರೇ ಆದ ಟೀಚರಿಗೆ ಆ ಬ್ರಾಂಚಿನ ಮಾತು ಕಿವಿಗೆ ಬೀಳದೆ ಹೋಗುವುದಿಲ್ಲ. ಯಾವ ತಾಯಿಯ ಬೀಡಿ ಈ ವಾರ ಕಡಿಮೆಯಾಗಿದೆ ಎಂಬುದು ತಿಳಿದರೆ ಯಾವ ಮಗುವಿನ ಪೆನ್ಸಿಲು ಮುಗಿದಿದ್ದರೂ ಅದು ಬಾಯಿಬಿಟ್ಟು ಕೇಳಿಲ್ಲವೆಂಬುದನ್ನು ಊಹಿಸಬಹುದು.

ಹಾಜರಿಗಿಂತಲೂ ಹೆಚ್ಚಿನದನ್ನು ಹೇಳುವುದು ಬಿಸಿಯೂಟದ ಸಾಲು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನು ಕೊಡತಕ್ಕದ್ದೆಂದು ಆಜ್ಞೆಮಾಡಿದ ತರುವಾಯ, ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಆರಂಭಗೊಂಡ ಅಕ್ಷರ ದಾಸೋಹವು ಕ್ರಮೇಣ ಈ ಶಾಲೆಗಳನ್ನೂ ಒಳಗೊಂಡಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಅನಂತರ ಮೊಟ್ಟೆ, ಬೇಡವೆಂಬವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಬಂದವು. ಸರಕಾರ ಕೊಡುವುದು ಅಕ್ಕಿ, ಬೇಳೆ, ಎಣ್ಣೆ. ಆವರಣದ ಜೀವನ ಅದಕ್ಕೆ ತನ್ನದನ್ನು ಕೂಡಿಸುತ್ತದೆ: ಯಾರೋ ಒಬ್ಬರ ಹಿತ್ತಿಲಿನ ಬಸಳೆಯ ಕಟ್ಟು, ಇನ್ನೊಬ್ಬರ ಅಟ್ಟದಲ್ಲಿ ತೂಗುಹಾಕಿದ್ದ ಸೌತೆಕಾಯಿ, ಹತ್ತಾರು ತೆಂಗಿನಕಾಯಿ, ಮನೆಯ ಹಬ್ಬದ ನೆಪದಲ್ಲಿ ಒಂದು ದಿನದ ಪಾಯಸ. ಅಡುಗೆಯವರು ಊರಿನ ತಾಯಂದಿರೇ. ಮಕ್ಕಳು ಜಗಲಿಯಲ್ಲಿ ಎರಡು ಸಾಲಾಗಿ, ತಟ್ಟೆಯನ್ನು ಮುಂದಿಟ್ಟುಕೊಂಡು ಚಕ್ಕಳಮಕ್ಕಳ ಕುಳಿತು, ಒಂದು ಚಿಕ್ಕ ಪ್ರಾರ್ಥನೆ ಹೇಳಿ, ಏಳನೆಯ ತರಗತಿಯ ಹುಡುಗರು ಬಕೆಟ್ಟಿನಿಂದ ಬಡಿಸಿದ ಅನ್ನ ಸಾಂಬಾರನ್ನು ಉಣ್ಣುವಾಗ, ಆ ಸಾಲಿನ ನಡುವೆ ಸುಮ್ಮನೆ ಅಡ್ಡಾಡುವ ಒಬ್ಬ ಅನುಭವಿ ಶಿಕ್ಷಕಿಯ ಕಣ್ಣು ಏನೇನನ್ನು ಗುರುತಿಸುತ್ತದೆಂಬುದು ಹೊರಗಿನವರಿಗೆ ಆಶ್ಚರ್ಯವನ್ನುಂಟುಮಾಡುವ ಸಂಗತಿ. ಸೋಮವಾರ ಯಾವ ಮಗು ಎರಡನೆಯ ಬಾರಿಯೂ ಮೂರನೆಯ ಬಾರಿಯೂ ಅನ್ನಕ್ಕೆ ತಟ್ಟೆಯೊಡ್ಡುತ್ತದೆ, ಅಂದರೆ ಶನಿವಾರ ಮಧ್ಯಾಹ್ನದಿಂದ ಈಚೆಗೆ ಯಾವ ಮನೆಯಲ್ಲಿ ಸರಿಯಾದ ಊಟವಾಗಿಲ್ಲ. ಪ್ರತಿದಿನ ಚೆನ್ನಾಗಿ ಉಣ್ಣುತ್ತಿದ್ದವನು ಈ ಹೊತ್ತು ಏಕೆ ಅನ್ನವನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತ ಕುಳಿತಿದ್ದಾನೆ. ಯಾವಳು ಮೊಟ್ಟೆಯನ್ನು ತಿನ್ನದೆ ಮನೆಯಲ್ಲಿರುವ ತಂಗಿಗೆಂದು ಕಾಗದದಲ್ಲಿ ಸುತ್ತಿ ಚೀಲದಲ್ಲಿಡುತ್ತಾಳೆ. ನಿನ್ನೆಯವರೆಗೆ ಒಟ್ಟಿಗೆ ಕೂರುತ್ತಿದ್ದ ಇಬ್ಬರು ಗೆಳತಿಯರ ನಡುವೆ ಇಂದು ಮೂರು ತಟ್ಟೆಗಳ ಅಂತರ ಏಕೆ ಬಂತು. ಪ್ರಶ್ನಾವಳಿಯನ್ನು ತುಂಬಿಸಿ ಮಗುವಿನ ಮನಸ್ಸನ್ನು ಅಳೆಯುವ ಕ್ರಮಗಳು ಎಷ್ಟೇ ಶಾಸ್ತ್ರೀಯವಾಗಿರಲಿ, ಮಗು ತಾನಾಗಿ ಹೇಳಿಕೊಳ್ಳಲಾರದ್ದನ್ನು ಈ ಅರ್ಧ ಗಂಟೆಯ ಊಟ ಹೇಳಿಬಿಡುತ್ತದೆ.

ಇನ್ನು ಹಬ್ಬಗಳ ಮಾತು. ಸಪ್ಟೆಂಬರ್ 8 ಕನ್ಯಾಮರಿಯಮ್ಮನ ಜನನೋತ್ಸವ. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅದು ಮೊಂತಿ ಹಬ್ಬ, ತೆನೆಯ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಿಂದ ಈ ಆಚರಣೆ ನಾಡಿನಲ್ಲೆಲ್ಲ ಹರಡಿತೆಂಬುದು ಅವರಲ್ಲಿ ನಡೆದುಬಂದಿರುವ ಪ್ರತೀತಿ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಮಕ್ಕಳು ಹೂಗಳನ್ನು ತಂದು ಬಾಲಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಮಳೆ ಹಿಂದೆಗೆದು ಗುಡ್ಡವೆಲ್ಲ ಹಸುರಾಗಿರುವ ಕಾಲ. ಶಾಲೆಗೆ ಬರುವ ದಾರಿಯಲ್ಲಿ ಬೇಲಿಯ ದಾಸವಾಳ, ಅಂಗಳದ ಗೋರಟೆ, ಗುಡ್ಡದ ಹೆಸರರಿಯದ ನೂರೆಂಟು ಕಾಡುಹೂಗಳು ಬಟ್ಟಲುಗಳಲ್ಲಿ, ಬುತ್ತಿಯ ಮುಚ್ಚಳಗಳಲ್ಲಿ, ಏನೂ ಸಿಗದಿದ್ದರೆ ಕೆಸುವಿನೆಲೆಯ ದೊನ್ನೆಗಳಲ್ಲಿ ಶೇಖರವಾಗುತ್ತವೆ. ಹೂ ಕೊಯ್ಯುವುದರಲ್ಲಿ ಜಾತಿಮತಗಳ ಭೇದವನ್ನು ಮಕ್ಕಳು ಪಾಲಿಸಿದ್ದನ್ನು ನಾನು ಕಂಡಿಲ್ಲ. ಚೌತಿಗೂ ಅಷ್ಟಮಿಗೂ ಹೂ ಎತ್ತುವ ಹುಡುಗಿ ಅದೇ ಬೇಲಿಯಿಂದ ಗೆಳತಿಯ ಬಟ್ಟಲಿಗೂ ಎರಡು ಹೂ ಹಾಕುತ್ತಾಳೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ, ಮಕ್ಕಳಿಗೆಲ್ಲ ಕಬ್ಬು ಹಂಚುತ್ತಾರೆ. ಮನೆಯಲ್ಲಿ ಹೊಸ ಅಕ್ಕಿಯ ಕಾಳುಗಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ತರಕಾರಿಯ ಅಡುಗೆಯೊಂದಿಗೆ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ.

ಇದರಲ್ಲಿ ಮಗುವಿನ ಸ್ವಾಸ್ಥ್ಯದ ಮಾತೇನು ಬಂತೆಂದು ಕೇಳಬಹುದು. ಓದಿನಲ್ಲಿ ಹಿಂದೆ ಬಿದ್ದ, ಮಗ್ಗಿ ಬಾರದ, ಬೋರ್ಡಿನ ಎದುರು ನಿಲ್ಲಿಸಿದರೆ ನಾಲಗೆ ಏಳದ ಬಾಲಕನಿಗೆ ವರ್ಷದ ಬಹುಭಾಗ ಶಾಲೆಯೆಂದರೆ ತನ್ನ ಅಸಾಮರ್ಥ್ಯವನ್ನು ಎಲ್ಲರೆದುರು ಪ್ರಕಟಿಸುವ ಸ್ಥಳವಷ್ಟೆ. ಅವನಿಗೆ ಗುಡ್ಡದ ಯಾವ ಪೊದೆಯಲ್ಲಿ ಯಾವ ಹೂ ಅರಳುತ್ತದೆಂಬುದು ಗೊತ್ತು. ಆ ಒಂಬತ್ತು ದಿನ ತರಗತಿಯ ಮೊದಲನೆಯ ಸ್ಥಾನದ ಹುಡುಗಿ ಅವನ ಹಿಂದೆ ನಡೆಯುತ್ತಾಳೆ. ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿನ ಗೋದಲಿ ಕಟ್ಟುವಾಗ ಬಿದಿರನ್ನು ಸೀಳುವುದು, ಹುಲ್ಲು ಹೊದಿಸುವುದು, ಜೇಡಿಮಣ್ಣಿನಿಂದ ಕುರಿ ಮಾಡುವುದು ಇವೆಲ್ಲ ಯಾರಿಗೆ ಒಲಿದಿವೆಯೋ ಅವರು ಆ ದಿನಗಳ ನಾಯಕರು. ಪರೀಕ್ಷೆಗಳು ಗುರುತಿಸದ ಗುಣವನ್ನು ಊರೆಲ್ಲ ನೋಡುವಂತೆ ಗುರುತಿಸುವ ಸಂದರ್ಭಗಳು ಮಗುವಿನ ಬಾಳಿನಲ್ಲಿ ಎಷ್ಟು ಬಂದರೂ ಹೆಚ್ಚಲ್ಲ. ವಾರ್ಷಿಕೋತ್ಸವದ ವೇದಿಕೆಯೂ ಆಟೋಟದ ಬಯಲೂ ಮಾಡುವ ಕೆಲಸ ಇದೇ. ಅವುಗಳನ್ನು ಎಲ್ಲರೂ ಬಲ್ಲರಾದ್ದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನು ಮರೆಮಾಚುವುದು ಅನ್ಯಾಯವಾದೀತು. ಈ ಶಾಲೆಗಳಲ್ಲಿ ಓದಿದ ಹಿರಿಯರಲ್ಲಿ ಅನೇಕರಿಗೆ ಅಲ್ಲಿಯ ಶಿಸ್ತಿನೊಂದಿಗೆ ನಾಗರಬೆತ್ತದ ನೆನಪೂ ಬೆರೆತಿರುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ಆವರಣದಲ್ಲಿ, ಆ ಬಲ್ಲತನಕ್ಕೆ ದಯೆಯ ಲೇಪವಿಲ್ಲದಿದ್ದರೆ, ಮಗುವಿಗೆ ಅಡಗಲು ಎಡೆಯೇ ಇರುವುದಿಲ್ಲ. ಶಾಲೆಯಲ್ಲಿ ಪೆಟ್ಟು ತಿಂದ ಸುದ್ದಿ ಪೂಜೆ ಮುಗಿಯುವಷ್ಟರಲ್ಲಿ ಮನೆ ಮುಟ್ಟಿ ಅಲ್ಲಿಯೂ ಪೆಟ್ಟು ಕಾದಿರುತ್ತಿತ್ತು. ತಂದೆಯ ಕುಡಿತವೋ ತಾಯಿಯ ಸಾಲವೋ ಊರಿನ ಬಾಯಿಗೆ ಬಿದ್ದಾಗ ಅದರ ಭಾರವನ್ನು ಹೊತ್ತು ಬೆಂಚಿನ ಮೇಲೆ ಕುಳಿತಿರಬೇಕಾದದ್ದು ಮಗುವೇ. ಆದರೆ ಬೆತ್ತಕ್ಕೆ ಕೆಥೋಲಿಕ್ ವಿದ್ಯಾಭ್ಯಾಸದ ಪರಂಪರೆಯ ಸಮ್ಮತಿಯಿತ್ತೆಂದು ಹೇಳುವವರು ಆ ಪರಂಪರೆಯನ್ನು ಪೂರ್ಣವಾಗಿ ಓದಿಲ್ಲ. ಇಟಲಿಯ ಟ್ಯೂರಿನ್ ನಗರದಲ್ಲಿ ಬೀದಿಯ ಹುಡುಗರನ್ನು ಕೂಡಿಸಿಕೊಂಡು ಕಲಿಸಿದ ಸಂತ ಜಾನ್ ಬೋಸ್ಕೊ 1877ರಲ್ಲಿಯೇ ತಮ್ಮ ಶಿಕ್ಷಣಕ್ರಮವನ್ನು ಬರೆದಿಟ್ಟರು. ತಪ್ಪು ನಡೆದ ಮೇಲೆ ದಂಡಿಸುವ ಪದ್ಧತಿಯನ್ನು ಬಿಟ್ಟು, ತಪ್ಪಿಗೆ ಎಡೆಯಾಗದಂತೆ ಮಗುವಿನ ಜೊತೆಯಲ್ಲಿದ್ದು ನಡೆಸುವ ಪದ್ಧತಿಯನ್ನು ಅವರು ಬೋಧಿಸಿದರು. ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರರ ಮೇಲೆ ಅದನ್ನು ನಿಲ್ಲಿಸಿ, ಹೊಡೆತವನ್ನು ಅದರಿಂದ ಹೊರಗಿಟ್ಟರು. ಹುಡುಗರನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಗೆ ಪಾತ್ರರಾಗಿದ್ದೇವೆಂಬುದು ಆ ಹುಡುಗರಿಗೆ ಮನವರಿಕೆಯಾಗಬೇಕು ಎಂಬ ಅರ್ಥದ ಮಾತನ್ನು 1884ರಲ್ಲಿ ರೋಮಿನಿಂದ ತಮ್ಮವರಿಗೆ ಬರೆದ ಪತ್ರದಲ್ಲಿ ಅವರು ಒತ್ತಿ ಹೇಳಿದ್ದಾರೆ.

ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ನು ಮಗುವನ್ನು ದೈಹಿಕವಾಗಿ ದಂಡಿಸುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ 30ನೆಯ ವಿಧಿಯ ಆಧಾರದಿಂದ ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿದ್ದು ಆಡಳಿತದ ಸ್ವಾತಂತ್ರ್ಯವನ್ನು ರಕ್ಷಿಸುವುದಕ್ಕಾಗಿ; ಮಗುವಿನ ಮೈಮೇಲೆ ಕೈಮಾಡುವ ಸ್ವಾತಂತ್ರ್ಯವನ್ನು ಯಾವ ಅಲ್ಪಸಂಖ್ಯಾತ ಸಮುದಾಯವೂ ಅದರಲ್ಲಿ ಹುಡುಕಬಾರದು. ಇದಕ್ಕಿಂತಲೂ ಘೋರವಾದ ಅಪಚಾರಗಳು ಜಗತ್ತಿನ ಹಲವು ದೇಶಗಳ ಕೆಥೋಲಿಕ್ ಸಂಸ್ಥೆಗಳಲ್ಲಿ ನಡೆದವೆಂಬುದೂ, ಅವುಗಳನ್ನು ಮುಚ್ಚಿಹಾಕಲಾಯಿತೆಂಬುದೂ ಈಗ ಲೋಕವಿದಿತ. 2014ರಲ್ಲಿ ಪೋಪ್ ಫ್ರಾನ್ಸಿಸರು ಅಪ್ರಾಪ್ತವಯಸ್ಕರ ರಕ್ಷಣೆಗಾಗಿ ಆಯೋಗವೊಂದನ್ನು ರಚಿಸಿದರು. 2019ರಲ್ಲಿ, ಇಂಥ ಕೃತ್ಯ ತಿಳಿದುಬಂದರೆ ಧರ್ಮಗುರುಗಳೂ ಸಂನ್ಯಾಸಿಗಳೂ ಅದನ್ನು ಮೇಲಿನವರಿಗೆ ವರದಿ ಮಾಡಲೇಬೇಕೆಂಬ ನಿಯಮವನ್ನು ವಿಧಿಸಿದರು. ನಮ್ಮಲ್ಲಿ 2012ರ ಪೋಕ್ಸೋ ಕಾಯಿದೆ ಪೊಲೀಸರಿಗೆ ತಿಳಿಸುವುದನ್ನೇ ಕಡ್ಡಾಯಗೊಳಿಸಿದೆ. ಆದ್ದರಿಂದ ಶಾಲೆಯ ಗೋಡೆಯ ಮೇಲೆ ಬರೆದಿರುವ ಮಕ್ಕಳ ಸಹಾಯವಾಣಿ 1098 ಎಂಬ ನಾಲ್ಕಂಕಿಯನ್ನು, ಸಂತರ ಪಟದಷ್ಟೇ ಗೌರವದಿಂದ, ಒಂದನೆಯ ತರಗತಿಯ ಮಗುವಿಗೂ ಓದಲು ಎಟುಕುವ ಎತ್ತರದಲ್ಲಿ ಇಡತಕ್ಕದ್ದು. ಸಿಸ್ಟರು, ಟೀಚರು, ಫಾದರು ಎಲ್ಲರೂ ತನ್ನನ್ನು ಬಲ್ಲವರೇ ಆಗಿರುವ ಆವರಣದಲ್ಲಿ ಆ ವಲಯಕ್ಕೆ ಹೊರಗಿನ ಒಬ್ಬರಿಗೆ ಹೇಳಿಕೊಳ್ಳುವ ದಾರಿ ಮಗುವಿಗೆ ಇರುವುದು ಅತ್ಯವಶ್ಯ.

ಧರ್ಮದ ವಿಷಯಕ್ಕೆ ಬರೋಣ. ಸರಕಾರದ ಅನುದಾನ ಪಡೆಯುವ ಅಥವಾ ಮಾನ್ಯತೆಯುಳ್ಳ ಯಾವ ವಿದ್ಯಾಸಂಸ್ಥೆಯಲ್ಲಿಯೂ, ಮಗುವಿನ ಪೋಷಕರ ಸಮ್ಮತಿಯಿಲ್ಲದೆ ಅದನ್ನು ಧರ್ಮಬೋಧನೆಗೆ ಕೂರಿಸಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಈ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ರೂಢಿಯೂ ಅದಕ್ಕೆ ಅನುಗುಣವಾದದ್ದೇ: ಕ್ರೈಸ್ತ ಮಕ್ಕಳು ಒಂದು ಕೋಣೆಯಲ್ಲಿ ಕ್ರಿಸ್ತೋಪದೇಶವನ್ನು ಕಲಿಯುವ ಹೊತ್ತಿಗೆ ಉಳಿದವರು ಇನ್ನೊಂದು ಕೋಣೆಯಲ್ಲಿ ಮೌಲ್ಯಶಿಕ್ಷಣದ ಪಾಠ ಕೇಳುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಪ್ರಕಟಿಸಿದ ವಿದ್ಯಾಭ್ಯಾಸದ ಘೋಷಣೆಯು ಮಗುವಿನ ಮೊದಲ ಗುರುಗಳು ತಂದೆತಾಯಿಗಳೆಂದು ಸಾರಿತಷ್ಟೆ. ಆ ಮಾತು ಬ್ಯಾರಿ ತಂದೆಗೂ ತುಳುವ ತಾಯಿಗೂ ಸಮಾನವಾಗಿ ಸಲ್ಲುತ್ತದೆ. 2024ರಲ್ಲಿ ಭಾರತದ ಕೆಥೋಲಿಕ್ ಧರ್ಮಾಧ್ಯಕ್ಷರ ಮಂಡಳಿಯು ತನ್ನ ಶಾಲೆಗಳಿಗೆ ಕಳುಹಿಸಿದ ಸೂಚನೆಗಳಲ್ಲಿ, ಅನ್ಯಮತದ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಕೂಡದೆಂದೂ ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದೂ ತಿಳಿಸಿತು. ಮನೆಯ ದೇವರ ಹೆಸರನ್ನು ಶಾಲೆಯಲ್ಲಿ ಹೇಳಲು ಅಂಜಬೇಕಾದ ಮಗು ಬೇರೆ ಯಾವ ಅಳಲನ್ನೂ ಅಲ್ಲಿ ಹೇಳಿಕೊಳ್ಳಲಾರದು. ಆದ್ದರಿಂದ ಈ ಸೂಚನೆಯನ್ನು ಕಾನೂನಿನ ಭಯದ ಮಾತೆಂದು ಓದದೆ ಮಗುವಿನ ಕ್ಷೇಮದ ಮಾತೆಂದೇ ಓದಬೇಕೆಂದು ನಾನು ಹೇಳುತ್ತೇನೆ.

ಇಂದಿನ ಸ್ಥಿತಿ ಕಳವಳಕ್ಕೆ ಕಾರಣವಾದದ್ದು. ಕನ್ನಡ ಮಾಧ್ಯಮದ ಅನುದಾನಿತ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಒಂದೇ ಆವರಣದಲ್ಲಿ, ಒಂದೇ ಆಡಳಿತದ ಅಡಿಯಲ್ಲಿ, ಹೊಸ ಕಟ್ಟಡದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹಳದಿ ವ್ಯಾನುಗಳಲ್ಲಿ ಮಕ್ಕಳು ಬಂದಿಳಿಯುವಾಗ ಹೆಂಚಿನ ಶಾಲೆಯ ಕೋಣೆಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿವೆ. ನಿವೃತ್ತರಾದ ಶಿಕ್ಷಕರ ಸ್ಥಾನಕ್ಕೆ ಹೊಸಬರ ನೇಮಕ ಆಗದಿರುವುದರಿಂದ ಅಥವಾ ಬಹಳ ತಡವಾಗಿ ಆಗುವುದರಿಂದ, ಇಗರ್ಜಿಯೋ ಹಳೆ ವಿದ್ಯಾರ್ಥಿಗಳೋ ಕೂಡಿಸಿ ಕೊಡುವ ಅಲ್ಪ ಸಂಭಾವನೆಯ ಮೇಲೆ ಗೌರವ ಶಿಕ್ಷಕಿಯರು ದುಡಿಯುತ್ತಿದ್ದಾರೆ. ವ್ಯಾನು ಇಳಿದು ವ್ಯಾನು ಏರುವ ಮಗುವನ್ನು ದಾರಿಯಲ್ಲಿ ಯಾರೂ ಕಾಣುವುದಿಲ್ಲ. ಹಿಂದೆ ಗದ್ದೆಯ ಹುಣಿಯ ಮೇಲೆ ನಡೆದು ಬರುವಾಗ ಅಂಗಡಿಯವನೂ ಗುರ್ಕಾರನೂ ಹಾಲಿನ ಡಿಪೋದವಳೂ ಅದನ್ನು ಮಾತಾಡಿಸುತ್ತಿದ್ದರು. ಮಕ್ಕಳ ದುಃಖಗಳ ಸ್ವರೂಪವೂ ಬದಲಾಗಿದೆ. ತಂದೆ ದುಬೈಯಲ್ಲೋ ಕುವೈತಿನಲ್ಲೋ, ತಾಯಿ ಪಟ್ಟಣದ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ, ಮನೆಯಲ್ಲಿ ಕಿವಿ ಮಂದವಾದ ಅಜ್ಜಿ. ಇಂಥ ಮನೆಯಿಂದ ಬರುವ ಹುಡುಗನಿಗೆ ಹಸಿವಿಲ್ಲ, ಬಟ್ಟೆಗೆ ಕೊರತೆಯಿಲ್ಲ, ಆದರೆ ಶುಕ್ರವಾರದ ರಾತ್ರಿ ಮೊಬೈಲಿನಲ್ಲಿ ಅಪ್ಪನ ಮುಖ ಕಾಣುವುದನ್ನೇ ಕಾಯುತ್ತ ವಾರವನ್ನು ಕಳೆಯುತ್ತಾನೆ. ಘಟ್ಟದ ಮೇಲಿನಿಂದ ಬಂದ ಕೂಲಿಯವರ ಮಗಳಿಗೆ ಕೊಂಕಣಿಯೂ ತುಳುವೂ ತಿಳಿಯದು. ತರಗತಿಯ ಕನ್ನಡ ತಿಳಿದರೂ ಆಟದ ಬಯಲಿನ ಮಾತು ತಿಳಿಯದೆ ಬದಿಯಲ್ಲಿ ನಿಲ್ಲುತ್ತಾಳೆ. ಗುತ್ತಿಗೆ ಮುಗಿದೊಡನೆ, ಹೇಳದೆ ಕೇಳದೆ, ಹಾಜರಿಯಿಂದ ಮಾಯವಾಗುತ್ತಾಳೆ. ಅವಳಿಗೆ ಯಾವ ವಾಡೊವೂ ಇಲ್ಲ, ಯಾವ ಗುರ್ಕಾರನೂ ಇಲ್ಲ.

ಈ ಕೊನೆಯ ಮಗುವಿಗೂ ಹಳೆಯ ವ್ಯವಸ್ಥೆಯನ್ನು ವಿಸ್ತರಿಸುವುದು ಸಾಧ್ಯವೆಂದೇ ನನ್ನ ನಂಬಿಕೆ. ಕೆಲವೆಡೆ ಜೂನ್ ತಿಂಗಳಲ್ಲಿ, ಶಾಲೆ ತೆರೆದ ಮೊದಲ ವಾರಗಳಲ್ಲಿಯೇ, ಟೀಚರು ಮತ್ತು ಸಿಸ್ಟರು ಜೊತೆಯಾಗಿ ಹೊಸ ಮಕ್ಕಳ ಮನೆಗಳಿಗೆ, ಕೂಲಿಯವರ ಶೆಡ್ಡುಗಳಿಗೂ, ಹೋಗಿ ಬರುವುದುಂಟು. ಮಗು ಎಲ್ಲಿ ಮಲಗುತ್ತದೆ, ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ, ಮಳೆಗಾಲದಲ್ಲಿ ದಾರಿಯ ತೋಡು ಉಕ್ಕಿದರೆ ಯಾರು ದಾಟಿಸುತ್ತಾರೆ, ಓದಲು ವಿದ್ಯುತ್ತಿದೆಯೆ ಎಂಬುದನ್ನು ಆ ಒಂದು ಭೇಟಿ ತಿಳಿಸುತ್ತದೆ. ಅದಕ್ಕೆ ತಗಲುವ ವೆಚ್ಚ ಕಾಲ್ನಡಿಗೆಯದು ಮಾತ್ರ. ಆದರೆ ಒಂದನೆಯ ತರಗತಿಯನ್ನೂ ಮೂರನೆಯ ತರಗತಿಯನ್ನೂ ಒಟ್ಟಿಗೆ ಕೂರಿಸಿಕೊಂಡು, ನಡುವೆ ಬಿಸಿಯೂಟದ ಲೆಕ್ಕ ಬರೆದು, ಸಂಜೆ ಇಲಾಖೆಯ ಜಾಲತಾಣಕ್ಕೆ ಅಂಕಿಗಳನ್ನು ತುಂಬುವ ಶಿಕ್ಷಕಿಗೆ ಆ ನಡಿಗೆಗೆ ಹೊತ್ತೆಲ್ಲಿ ಉಳಿದೀತು? ಖಾಲಿ ಹುದ್ದೆಗಳನ್ನು ಭರ್ತಿಮಾಡುವುದು ಸರಕಾರದ ಹೊಣೆ. ಇಂಗ್ಲಿಷ್ ಮಾಧ್ಯಮದ ಕಟ್ಟಡಕ್ಕೆ ಮತ್ತೊಂದು ಅಂತಸ್ತು ಏರಿಸುವ ಮುನ್ನ, ಹೆಂಚಿನ ಶಾಲೆಯ ಗೌರವ ಶಿಕ್ಷಕಿಯರಿಗೆ ಬಾಳಲು ಸಾಲುವಷ್ಟು ಸಂಬಳವನ್ನು ಗೊತ್ತುಪಡಿಸುವುದು ಇಗರ್ಜಿಯ ಪಾಲನಾ ಮಂಡಳಿಗಳ ಹೊಣೆ. ಕ್ರೈಸ್ತರಲ್ಲದ ತಂದೆತಾಯಿಗಳನ್ನೂ ಶಿಕ್ಷಕ ರಕ್ಷಕ ಸಂಘದ ಪದಾಧಿಕಾರಿಗಳನ್ನಾಗಿ ಆರಿಸಿ, ಕೂಲಿಯವರ ಶೆಡ್ಡಿನ ಸುದ್ದಿಯೂ ಬೀಡಿ ಬ್ರಾಂಚಿನ ಸುದ್ದಿಯೂ ಗುರ್ಕಾರನ ಸುದ್ದಿಯೊಂದಿಗೆ ಒಂದೇ ಮೇಜಿಗೆ ಬರುವಂತೆ ಮಾಡುವುದು ಮುಖ್ಯೋಪಾಧ್ಯಾಯಿನಿಯರ ಕೈಯಲ್ಲಿಯೇ ಇದೆ. ಅದಕ್ಕೆ ಯಾರ ಮಂಜೂರಾತಿಯೂ ಬೇಡ, ಮುಂದಿನ ಜೂನ್‌ನ ಮೊದಲ ಸಭೆಯಲ್ಲಿಯೇ ಅದನ್ನು ಆರಂಭಿಸಬಹುದು.